ಕೆಂಪು ಛಾಯೆಯ ಲೆನ್ಸ್

“ಇದೇನ್ರೀ ಇದು? ಕಲೆ ಹಿಡಿದ ಲೆನ್ಸ್ ತಂದಿದ್ದೀರಾ!”

ಶೋಭಿತಾ ಆ ದಪ್ಪ ಲೆನ್ಸನ್ನು ಬಾಗಿಲ ಬೆಳಕಿಗೆ ಹಿಡಿದಳು. ಒಳಗೆಲ್ಲಾ ಕೆಂಪು ಛಾಯೆ!

“ಅದು ಕಲೆಯಲ್ಲ ಕಣ್ರೀ...” ಯತೀಶ್ ಬಾಯಿ ತೆರೆದ.

“ಸುಮ್ನಿರಿ! ಹೋದ ತಿಂಗಳು ಒಬ್ಬ ಬೂಷ್ಟು ಹಿಡಿದದ್ದು ಕೊಟ್ಟು ಹೋದ. ಈಗ ನೀವು! ಭಾನುವಾರ ಅವ್ವನ ವರ್ಷದ ತಿಥಿ. ಅಪ್ಪಂಗೆ ಏನ್ ತೋರಿಸ್ಲಿ?”

ಮಳವಳ್ಳಿಯಲ್ಲಿ ಅವಳ ಅಪ್ಪ ನಿಂಗಯ್ಯ ನಡೆಸುತ್ತಿದ್ದ ವಿಡಿಯೋ ಹಾಲ್ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಉಳಿದದ್ದು ಮೂರು ಕಣ್ಣಿನ ಹಳೇ ಪ್ರೊಜೆಕ್ಟರ್. ಕೆಂಪು, ಹಸಿರು, ನೀಲಿ... ಒಂದೊಂದು ಬಣ್ಣಕ್ಕೂ ಒಂದೊಂದು ಪಿಕ್ಚರ್ ಟ್ಯೂಬು, ಒಂದೊಂದು ಲೆನ್ಸು. ಹಳೇ ಲೆನ್ಸುಗಳು ಮಂಕಾಗಿದ್ದವು. ಅದರಲ್ಲೇ ತನ್ನ ಮದುವೆಯ ಕ್ಯಾಸೆಟ್ ನೋಡಬೇಕೆಂದು ನಿಂಗಯ್ಯ ಹಟ ಹಿಡಿದಿದ್ದ.

ಮದ್ದೂರಿನ ಮೆಕ್ಯಾನಿಕ್ ಯತೀಶ್ ಈ ಮೊದಲು ಎರಡು ಸಲ ಬಂದು ಟ್ಯೂಬಿನ ಅಗಲ, ಗೋಡೆಯ ದೂರ ಅಳೆದು ಹೋಗಿದ್ದ. ಬಂದಾಗಲೆಲ್ಲ ಅವಳು ಏನಾದರೂ ನೆಪ ಮಾಡಿ ಅಲ್ಲೇ ಸುಳಿದಾಡಿದ್ದಳು. ಅಂಥವನೇ ಹೀಗೆ ಮಾಡಿದನೆಂದು ಇವತ್ತು ಇಷ್ಟು ಉರಿ!

ಅವನು ತಂದಿದ್ದ ಮೂರೂ ಲೆನ್ಸನ್ನು ಮೇಜಿನ ಮೇಲಿಟ್ಟ.

“ಈ ಕೆಂಪು ಛಾಯೆದನ್ನ ಕೆಂಪು ಟ್ಯೂಬಿಗೆ ಹಾಕಿ. ನಾನು ಓಯ್ತೀನಿ ಬುಡಿ.”

ತಿರುಗಿಯೂ ನೋಡದೆ ಹೋದ.

ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಗ್ಗರಣೆ ಸೀದಿತು. ಮೊಬೈಲ್ ಎತ್ತಿದಳು, ಇಟ್ಟಳು, ಮತ್ತೆ ಎತ್ತಿದಳು.

‘ಪೂರ್ತಿ ಕೇಳಿಸಿಕೊಳ್ಳಬೇಕಿತ್ತಾ?’

“ಬಯ್ದು ಕಳಿಸ್ದಲ್ಲವ್ವ, ಹಾಕಿ ನೋಡ್ದ್ಯಾ?” ಅಪ್ಪ ಚುಚ್ಚಿದ.

ಸ್ಕ್ರೂ ಬಿಚ್ಚಿ ಮೂರನ್ನೂ ಕೂರಿಸಿದಳು. ಕಿಟಕಿ ಮುಚ್ಚಿ ಕ್ಯಾಸೆಟ್ ಹಾಕಿದಳು.

ಗೋಡೆಯ ಮೇಲೆ ಅವ್ವ! ಯಾವಾಗಲೂ ಕಿತ್ತಳೆಯಂತೆ ಕಾಣುತ್ತಿದ್ದ ಆ ಧಾರೆ ಸೀರೆ... ಕಡುಗೆಂಪು!

“ಇದೇ ಕಣವ್ವ ಅವಳ ಸೀರೆ...” ನಿಂಗಯ್ಯ ಗೋಡೆಯತ್ತ ಬೊಟ್ಟು ಮಾಡಿದ. “ಈ ಮಿಷಿನ್ನು ಒಂದ್ ದಿನಾನೂ ಸರಿಯಾಗಿ ತೋರಿಸಿರ್ಲಿಲ್ಲ.”

ಕೆಂಪನ್ನು ಕೆಂಪಾಗಿಯೇ ತೋರಿಸಲೆಂದು ಲೆನ್ಸಿನೊಳಗೆ ಇಟ್ಟಿದ್ದ ಛಾಯೆ ಅದು. ಅವಳು ಅದನ್ನು ಕಲೆ ಅಂದಿದ್ದಳು!

ಆದರೆ ಮೂರು ಬಣ್ಣ ಒಂದರ ಮೇಲೊಂದು ಕೂತಿರಲಿಲ್ಲ. ಅವ್ವನ ಮುಖಕ್ಕೆ ಮೂರು ಅಂಚು.

ಮದ್ದೂರಿಗೆ ಹೊರಟ ಬಸ್ಸಿನಲ್ಲಿ ಅವಳ ಕಾಲು ಒಂದು ಗಳಿಗೆಯೂ ಸುಮ್ಮನಿರಲಿಲ್ಲ.

ಅಂಗಡಿಯಲ್ಲಿ ಯತೀಶ್ ತಲೆ ಎತ್ತಿದ. “ವಾಪಸ್ ತಂದ್ರಾ?”

“ಇಲ್ಲ... ತಪ್ಪಾಯ್ತು. ಅವ್ವನ ಸೀರೆ ಕೆಂಪು ಅಂತ ಇವತ್ತೇ ಕಂಡಿದ್ದು.”

ಅವನ ಬಿಗಿದ ಮುಖ ಮೆಲ್ಲಗೆ ಸಡಿಲಾಯಿತು.

“ಸೀರೆ ಕಿತ್ತಳೆ ಅಲ್ಲ ಅಂತ ನಿಮ್ಮಪ್ಪ ಮೊದಲ್ನೇ ದಿನವೇ ಅಂದಿದ್ರು. ಛಾಯೆ ಇಲ್ದಿರೋ ಲೆನ್ಸ್ ಬೇಗ ಸಿಕ್ತಿದ್ವು. ಇದಕ್ಕೇ ಎರಡು ವಾರ ಅಲೆದೆ.”

“ಬರೀ ಅಪ್ಪಂಗೋಸ್ಕರನಾ?”

“ಅಲ್ಲ ಅಂತ ನಿಮಗೂ ಗೊತ್ತು.”

ಅವಳ ಕಣ್ಣು ತುಂಬಿತು. “ಬಣ್ಣ ಇನ್ನೂ ಒಂದಾಗಿಲ್ಲ. ಬತ್ತೀರಾ?”

“ಬತ್ತೀನಿ. ಇವತ್ತು ಕೂರಿಸ್ತೀನಿ. ಆಮೇಲೆ ಬಣ್ಣಗಳು ಮತ್ತೆ ಜರುಗ್ತಾವೆ, ತಿಂಗಳಿಗೊಂದ್ಸಲ ನೋಡ್ತಿರ್ಬೇಕು.”

“ತಿಂಗಳಿಗೊಂದ್ಸಲವಾ? ದಿನಾ ನೋಡಕ್ಕಾಗಲ್ವಾ?”

“ದಿನಾ ಮಳವಳ್ಳಿ ಬಸ್ ಹತ್ತಿದ್ರೆ ನಮ್ಮವ್ವ ಕೇಳ್ತಾಳೆ ಕಣ್ರೀ.”

“ಕೇಳಿದ್ರೆ ಏನಂತೀರಿ?”

“ನಿನ್ ಸೊಸೆ ಮನೇಲಿ ಕೆಲ್ಸ ಐತೆ ಅಂತೀನಿ!”