ಒಂಬತ್ತು ಕಿಟಕಿಗಳ ಮಾಲೆ

ಸಾಮ್ರಾಜ್ಯಗಳು ಉರುಳಿದಾಗ ಚರಿತ್ರೆಕಾರರು ದಿನಾಂಕ ಬರೆದಿಡುತ್ತಾರೆ. ಅಷ್ಟೇ ಶ್ರದ್ಧೆಯಿಂದ ಇದನ್ನೂ ಬರೆದಿಡಬೇಕು: ಮಾರ್ಚ್ ನಾಲ್ಕು, ಸೋಮವಾರ, ಬೆಳಿಗ್ಗೆ ೧೦:೨೦ಕ್ಕೆ, ಊರಿನ ಒಂಬತ್ತು ಮನೆಗಳ ಕಿಟಕಿ ಪರದೆಗಳು ಮೇಲೇಳಲು ನಿರಾಕರಿಸಿವೆ ಎಂಬ ಸಂಗತಿ ಪೊಲೀಸ್ ಠಾಣೆಯ ಗಮನಕ್ಕೆ ಬಂತು.

ಗಮನಕ್ಕೆ ತಂದಾಕೆ ಪರದೆ ಹೊಲಿಯುವ ಅಂಗಡಿಯ ಒಡತಿ. ಕಿಟಕಿಯ ಅಳತೆ ತೆಗೆದು, ಬಟ್ಟೆ ಆರಿಸಿಕೊಟ್ಟು, ಪರದೆ, ದಿಂಬಿನ ಚೀಲ, ಸೋಫಾ ಕವರು ಎಲ್ಲ ಹೊಲಿದು ಮನೆಗೇ ಬಂದು ಕೂರಿಸಿ ಹೋಗುವ ಹನ್ನೊಂದು ವರ್ಷದ ಅಂಗಡಿ ಅದು. ಊರು ಆಕೆಯನ್ನು ಪರದೆಯಕ್ಕ ಎನ್ನುತ್ತಿತ್ತು. ಕೊರಳಿನ ಅಳತೆ ಟೇಪನ್ನು ತೆಗೆಯುವುದಕ್ಕೂ ಪುರುಸೊತ್ತಿಲ್ಲದೆ ಓಡಿ ಬಂದಿದ್ದಳು.

"ಏನಾದ್ರೂ ಕಳುವಾಗಿದೆಯಾ?" ಇನ್ಸ್‌ಪೆಕ್ಟರ್ ಕೇಳಿದರು.

"ಇಲ್ಲ ಸಾರ್."

"ಹರಿದಿದಾರಾ?"

"ಬಟ್ಟೆ ಮುಟ್ಟಿಲ್ಲ. ಮಾಲೆ ಕತ್ತರಿಸಿದಾರೆ."

"ಯಾರ ಕೊರಳಿಂದು?"

ಪಕ್ಕದಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ನಕ್ಕರು. ಆಕೆ ನಗಲಿಲ್ಲ. ಮಡಿಕೆ ಮಡಿಕೆಯಾಗಿ ಮೇಲೇಳುವ ಪರದೆ ಸಾರ್, ಎಂದು ಕೈಯಲ್ಲೇ ಕಿಟಕಿ ಬರೆದು ತೋರಿಸಿದಳು. ಬದಿಯಲ್ಲಿ ದಾರ ಇಳಿಬಿದ್ದಿರುತ್ತದೆ. ಒಂದು ಎಳೆ ಜಗ್ಗಿದರೆ ಪರದೆ ಮೇಲೆ, ಇನ್ನೊಂದು ಜಗ್ಗಿದರೆ ಕೆಳಗೆ. ದಾರದ ಎರಡು ಎಳೆಗಳು ತುದಿಯಲ್ಲಿ ಕೂಡಿ ಉದ್ದಕ್ಕೆ ತೂಗುತ್ತವೆ. ಅಂಗಡಿಯ ಮಾತಿನಲ್ಲಿ ಅದಕ್ಕೆ ಮಾಲೆ ಎಂದು ಹೆಸರು. ಒಂಬತ್ತು ಮನೆಗಳಲ್ಲಿ ಯಾರೋ ಅದನ್ನು ಕತ್ತರಿಸಿದ್ದಾರೆ. ಮಾಲೆ ತುಂಡಾದರೆ ದಾರ ಸುತ್ತು ತಿರುಗುವುದಿಲ್ಲ, ಪರದೆ ಇಳಿದದ್ದು ಇಳಿದ ಹಾಗೇ ಇದೆ. ಜನ ಹಾಡಹಗಲು ದೀಪ ಹಾಕಿಕೊಂಡು ಕೂತಿದ್ದಾರೆ.

"ನೋಡಮ್ಮ, ಇದಕ್ಕೆಲ್ಲ ಎಫ್‌ಐಆರ್ ಹಾಕ್ತಾ ಕೂತ್ರೆ..."

"ಒಂಬತ್ತು ಮನೆಯವರೂ ನನ್ನ ಕೆಲಸಾನೇ ಸರಿಯಿಲ್ಲ ಅಂತಿದಾರೆ ಸಾರ್. ಶಿಶುವಿಹಾರದ ನಲವತ್ತು ಕಿಟಕಿ ನನಗೆ ಒಪ್ಪಿಸಿದ್ರು. ಈಗ, ಶನಿವಾರದೊಳಗೆ ಇದು ಯಾರ ಕೈವಾಡ ಅಂತ ತೋರಿಸು, ಇಲ್ಲದಿದ್ರೆ ಬೇರೆಯವರಿಗೆ ಕೊಡ್ತೀವಿ ಅಂತಾರೆ. ನಲವತ್ತು ಕಿಟಕಿ ಹೋದ್ರೆ ಹೋಗ್ಲಿ. ಹೆಸರು ಹರಿದ್ರೆ ಯಾವ ಸೂಜಿಲಿ ಹೊಲಿಯಲಿ?"

೧೧:೦೫ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ ವ್ಯಕ್ತಿ. ಹಾನಿಯಾದ ವಸ್ತು: ದಾರ.

ಹೆಡ್ ಕಾನ್‌ಸ್ಟೇಬಲ್ಲಿಗೆ ಠಾಣೆಯಲ್ಲಿ ಮಹಜರಪ್ಪ ಎಂದು ಹೆಸರು. ಇಪ್ಪತ್ತಾರು ವರ್ಷದಿಂದ ಪಂಚನಾಮೆ ಬರೆಯುತ್ತಿದ್ದ ಅವರ ಕಣ್ಣಿಗೆ ಬಿದ್ದ ವಸ್ತು ಕಾಗದಕ್ಕೆ ಬೀಳದೆ ಉಳಿದದ್ದಿಲ್ಲ. ಮಧ್ಯಾಹ್ನ ೧೨:೧೫ಕ್ಕೆ ಮೊದಲ ಮನೆಯಲ್ಲಿ ಅವರು ದಾರದ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದರು. ಆಮೇಲೆ ನೆಲದವರೆಗೆ ಟೇಪು ಬಿಟ್ಟರು.

"ಸಾರ್, ನೆಲದಿಂದ ಸರಿಯಾಗಿ ಐದು ಅಡಿ. ಕತ್ತರಿಸಿ, ತುದಿ ಸುಟ್ಟು ಉಂಡೆ ಮಾಡಿದಾರೆ."

"ಯಾಕೆ?"

"ಎಳೆ ಬಿಚ್ಕೋಬಾರದು ಅಂತ. ನೈಲಾನ್ ಅಲ್ವಾ."

"ಅಂದ್ರೆ ಹಾಳು ಮಾಡೋಕೆ ಬಂದವನು ಹಾಳಾಗದ ಹಾಗೆ ಹಾಳು ಮಾಡಿ ಹೋಗಿದಾನೆ."

"ಕನ್ನ ಹಾಕಿ ಮನೆ ಗುಡಿಸಿ ಹೋದ ಹಾಗೆ, ಸಾರ್."

ಆ ಮನೆಯ ಅಜ್ಜಿ ಸೊಂಟದ ಮೇಲೊಂದು ಕೂಸನ್ನಿಟ್ಟುಕೊಂಡು ಇದನ್ನೆಲ್ಲ ನೋಡುತ್ತಿದ್ದರು.

"ಈ ವಾರದಲ್ಲಿ ಯಾರಾದ್ರೂ ಮನೆಗೆ ಬಂದಿದ್ರಾ ಅಜ್ಜಿ?"

"ಯಾರೂ ಬಂದಿಲ್ಲಪ್ಪ."

"ಯಾರೂ?"

"ನಮ್ಮನೆಗ್ಯಾರು ಬರ್ತಾರೆ. ಬಂದ್ರೆ ನನ್ನ ಸೊಸೆ ಮುಖ ನೋಡಿ ಹಿಂದಕ್ಕೆ ಹೋಗ್ತಾರೆ."

ಒಳಗಿನಿಂದ ಪಾತ್ರೆಯೊಂದು ತುಸು ಜೋರಾಗಿ ಕೆಳಗಿಟ್ಟ ಸದ್ದಾಯಿತು. ಇನ್ಸ್‌ಪೆಕ್ಟರ್ ಮುಂದಿನ ಮನೆಗೆ ಹೊರಟರು.

ಸೋಮವಾರ ಸಂಜೆಯೊಳಗೆ ಒಂಬತ್ತೂ ಮನೆ ಮುಗಿದವು. ಎಲ್ಲೆಲ್ಲೂ ಐದು ಅಡಿ, ಒಂದು ನೂಲು ಹೆಚ್ಚಿಲ್ಲ, ಕಡಿಮೆಯಿಲ್ಲ. ಎಲ್ಲೆಲ್ಲೂ ಸುಟ್ಟು ಉಂಡೆ ಮಾಡಿದ ತುದಿ. ಬೀಗ ಮುರಿದಿಲ್ಲ, ಬಾಗಿಲು ಮೀಟಿಲ್ಲ, ಯಾರೂ ಬಂದಿಲ್ಲ.

ಮಂಗಳವಾರ ಬೆಳಿಗ್ಗೆ ೧೧ಕ್ಕೆ ರೆಡಿಮೇಡ್ ಪರದೆ ಮಾರುವ ಎದುರು ಬೀದಿಯ ವ್ಯಾಪಾರಿಯ ವಿಚಾರಣೆ ನಡೆಯಿತು. ಪ್ರಶ್ನೆ ಕೇಳುವ ಮೊದಲೇ ಆತ ಬೆವರಿದ.

"ನಾನು ಆ ಯಮ್ಮನ ಮನೆಗಳ ಕಡೆ ತಲೆ ಹಾಕೂ ಮಲಗಲ್ಲ ಸಾರ್."

"ನಾನಿನ್ನೂ ಏನೂ ಕೇಳ್ಲಿಲ್ಲ."

"ಕೇಳ್ತೀರಲ್ಲ, ಅದಕ್ಕೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ಆದರೆ ಅವನ ಹೆಗಲ ಮೇಲೆ ಬೂದಿ ಇರಲಿಲ್ಲ. ಮಹಜರಪ್ಪ ಒಂದು ನೈಲಾನ್ ದಾರ ಕೊಟ್ಟು ಕತ್ತರಿಸಲು ಹೇಳಿದಾಗ, ಆತ ಕತ್ತರಿಸಿ ಹಾಗೇ ಮೇಜಿನ ಮೇಲಿಟ್ಟ. ತುದಿ ಎಳೆ ಎಳೆಯಾಗಿ ಬಿಚ್ಚಿಕೊಂಡಿತು.

"ಹೋಗಪ್ಪ," ಎಂದರು ಇನ್ಸ್‌ಪೆಕ್ಟರ್.

ಮಧ್ಯಾಹ್ನ ಮಹಜರಪ್ಪ ಒಂಬತ್ತು ಪಂಚನಾಮೆಗಳನ್ನು ಒಂದರ ಹಿಂದೊಂದು ಓದತೊಡಗಿದರು. "ಕಿಟಕಿಯ ಕೆಳಗೆ ಮೂರು ಗಾಲಿಯ ಸೈಕಲ್, ಕೆಂಪು, ಒಂದು. ಕಿವಿ ಹರಿದ ಬಟ್ಟೆಯ ಮೊಲ, ಒಂದು. ಹಾಲಿನ ಬಾಟಲಿ, ಅರ್ಧ..."

"ರೀ, ಆಟದ ಸಾಮಾನೆಲ್ಲ ಯಾಕ್ರೀ ಬರೀತೀರಿ?"

"ಸ್ಥಳದಲ್ಲಿತ್ತು ಸಾರ್, ಬರೆದೆ."

"ಒಂಬತ್ತರಲ್ಲೂ?"

ಮಹಜರಪ್ಪ ಹಾಳೆಗಳನ್ನು ಮತ್ತೊಮ್ಮೆ ತಿರುವಿದರು. ಒಂಬತ್ತರಲ್ಲೂ ಇತ್ತು. ಎಲ್ಲ ಮನೆಯಲ್ಲೂ ಐದು ವರ್ಷದೊಳಗಿನ ಮಗು.

ನಂತರ ಇನ್ಸ್‌ಪೆಕ್ಟರ್ ಮೊದಲ ಮನೆಗೆ ಫೋನ್ ಮಾಡಿದರು.

"ಅಜ್ಜಿ, ಯಾರೂ ಬಂದಿಲ್ಲ ಅಂದ್ರಲ್ಲ. ಪರದೆ ಅಂಗಡಿಯವರೂ ಬಂದಿಲ್ವಾ?"

"ಅಯ್ಯೋ, ಏಣಿಯಣ್ಣ ಬಂದಿದ್ದ. ಸ್ಕ್ರೂ ಬಿಗಿ ಮಾಡಿ ಹೋದ. ಅವನೆಂಥ ಯಾರೂನಪ್ಪ, ಅವನು ನಮ್ಮ ಏಣಿಯಣ್ಣ."

ಏಣಿಯಣ್ಣ ಎಂದರೆ ದೂರು ಕೊಟ್ಟ ಪರದೆಯಕ್ಕನ ಗಂಡ. ಅಳೆಯುವುದು ಅವನು, ಹೊಲಿಯುವುದು ಆಕೆ, ಕೂರಿಸುವುದು ಮತ್ತೆ ಅವನು.

ಬುಧವಾರ ಬೆಳಿಗ್ಗೆ ೧೦ಕ್ಕೆ ಅವರು ಅಂಗಡಿಗೆ ಹೋದರು. ಎರಡು ಹೊಲಿಗೆ ಯಂತ್ರ, ಮಂಚದಷ್ಟು ಅಗಲದ ಕತ್ತರಿಸುವ ಮೇಜು, ಗೋಡೆಗೆ ಒರಗಿಸಿದ ಬಟ್ಟೆಯ ಉರುಳೆಗಳು. ಶಿಶುವಿಹಾರದ ಪರದೆಗಳಿಗೆಂದು ಹಳದಿ ಬಟ್ಟೆಯ ರಾಶಿ ಆಗಲೇ ಮೇಜಿನ ಮೇಲಿತ್ತು. ಅದರ ಮೇಲೆ ಆನೆ, ಒಂಟೆ, ಜಿರಾಫೆ. ಮೂಲೆಯಲ್ಲಿ ಗಂಡ ದಾರ ತುಂಡರಿಸುತ್ತಿದ್ದ. ನಮಸ್ಕಾರ ಸಾರ್ ಎಂದು ಎದ್ದು ನಿಂತವನು, ನಿಂತಲ್ಲೇ ಲೈಟರ್ ಹಚ್ಚಿ ದಾರದ ತುದಿ ಸುಟ್ಟು, ಬಿಸಿ ಆರುವ ಮೊದಲೇ ಬೆರಳಲ್ಲಿ ಹೊಸೆದು ಉಂಡೆ ಮಾಡಿದ. ತಾನು ಮಾಡುತ್ತಿರುವುದು ಅವನಿಗೆ ತಿಳಿಯಲೂ ಇಲ್ಲ.

ಪರದೆಯಕ್ಕ ಅಳತೆ ಪುಸ್ತಕ ತಂದಿಟ್ಟಳು. ಮಡಿಕೆ ಪರದೆ ಹಾಕಿದ ಮನೆಗಳು ಮೂವತ್ತೊಂದು. ಅವುಗಳಲ್ಲಿ ಹತ್ತು ವಿಳಾಸಗಳ ಪಕ್ಕ ಪೆನ್ಸಿಲಿನ ಸಣ್ಣ ಸೊನ್ನೆ.

"ಇದೇನಮ್ಮ?"

"ಇವರು ಹಾಕಿರ್ಬೇಕು. ಏನ್ರೀ ಇದು?"

"ಸುಮ್ನೆ, ಗುರುತಿಗೆ," ಎಂದ ಗಂಡ.

ಒಂಬತ್ತು ಸೊನ್ನೆ ಒಂಬತ್ತು ಮನೆಗೆ ಸರಿಹೋದವು. ಹತ್ತನೆಯ ವಿಳಾಸದ ಮೇಲೆ ಗೆರೆ ಎಳೆದಿತ್ತು. ಆ ಮನೆಯವರು ಎರಡು ವರ್ಷದ ಹಿಂದೆಯೇ ಊರು ಬಿಟ್ಟರು ಎಂದಳು ಪರದೆಯಕ್ಕ, ಪಾಪ, ಅವರ ಮಗು ಜ್ವರ ಬಂದು ಹೋಯ್ತು.

ಮಹಜರಪ್ಪ ಆ ವಿಳಾಸದ ಮೇಲೆ ಬೆರಳಿಟ್ಟವರು ತೆಗೆಯಲಿಲ್ಲ. ಹೊರಗೆ ಬಂದ ಮೇಲೆ ಹೇಳಿದರು: "ಸಾರ್, ಅದು ಜ್ವರ ಅಲ್ಲ. ಆ ಮನೆ ಮಹಜರು ಬರೆದಿದ್ದು ನಾನು."

೧೧:೪೦ಕ್ಕೆ ದಾಖಲೆ ಕೋಣೆಯಿಂದ ಹಳೆಯ ಕಡತ ಬಂತು. ಎರಡೇ ಹಾಳೆ. "ಕಿಟಕಿಯ ಪರದೆಯ ದಾರದ ಕುಣಿಕೆ, ನೆಲದಿಂದ ಎರಡು ಅಡಿ ಒಂದು ಇಂಚು ಎತ್ತರದಲ್ಲಿ. ಮೃತ ಮಗುವಿನ ಎತ್ತರ ಎರಡು ಅಡಿ ಎಂಟು ಇಂಚು. ಕಿಟಕಿಯ ಕೆಳಗೆ ಮರದ ರೈಲು, ಒಂದು." ಅದರ ಕೆಳಗೆ ಬೇರೊಂದು ಕೈಬರಹ: "ಆಕಸ್ಮಿಕ. ಯಾರ ಮೇಲೂ ಸಂಶಯವಿಲ್ಲ. ಮುಕ್ತಾಯ."

ಆ ಕೈಬರಹ ಇನ್ಸ್‌ಪೆಕ್ಟರರದೇ. ಬರೆದದ್ದು ಅವರಿಗೆ ನೆನಪೇ ಇರಲಿಲ್ಲ. ನೆನಪಾದದ್ದು ಸೋಮವಾರ ತಾವೇ ಆಡಿದ ತಮಾಷೆ: ಯಾರ ಕೊರಳಿಂದು. ಅವರು ಹಿಂದಕ್ಕೆ ಕೈಚಾಚಿ ಕುರ್ಚಿ ಹುಡುಕಿ ಕೂತರು. ಮಹಜರಪ್ಪ ಗೋಡೆಯ ಕಡೆ ತಿರುಗಿ ನಿಂತು, ಅಲ್ಲಿಲ್ಲದ ಏನನ್ನೋ ಓದಿದರು.

ಮಧ್ಯಾಹ್ನ ೩ಕ್ಕೆ ಏಣಿಯಣ್ಣನನ್ನು ಕರೆಸಿದರು. ಹಿಂದೆಯೇ ಪರದೆಯಕ್ಕನೂ ಬಂದಳು, ಕೋಪದಿಂದ ಕುದಿಯುತ್ತಾ. "ಕಳ್ಳನ್ನ ಹಿಡೀರಿ ಅಂದ್ರೆ ನನ್ನ ಗಂಡನ್ನ ಹಿಡ್ಕೊಂಡು ಬಂದ್ರಾ? ಹೊಲಿಗೆ ಹಾಕಕ್ಕೆ ಕೊಟ್ರೆ ಜೇಬು ಕತ್ತರಿಸಿದ ಹಾಗಾಯ್ತು."

"ಕೂತ್ಕೊಳ್ಳಮ್ಮ," ಎಂದರು ಇನ್ಸ್‌ಪೆಕ್ಟರ್. ನಂತರ ಅವನ ಕಡೆ ತಿರುಗಿದರು. "ಎಷ್ಟು ಮಾಲೆ ಕತ್ತರಿಸಿದೆ?"

ಅವನು ಬೆರಳ ತುದಿಯ ಸುಟ್ಟ ಕಲೆಯನ್ನು ಉಜ್ಜಿದ.

"ಮಾಲೆ ಅಲ್ಲ ಸಾರ್," ಎಂದ. "ಕುಣಿಕೆ."

ಪರದೆಯಕ್ಕ ಗಂಡನನ್ನು ನೋಡಿದಳು.

"ಎಷ್ಟು?"

"ಒಂಬತ್ತು."

"ಯಾಕೆ?"

"ಕಳೆದ ತಿಂಗಳು ಒಂದು ಮನೆಗೆ ಸ್ಕ್ರೂ ಬಿಗಿ ಮಾಡೋಕೆ ಹೋಗಿದ್ದೆ. ಮಗು ಕಿಟಕಿ ಹತ್ರ ನಿಂತು ಅದನ್ನ ಕೊರಳಿಗೆ ಹಾಕ್ಕೊಂಡಿತ್ತು. ನಗ್ತಿತ್ತು. ನೋಡಿ ಮಾಲೆ ಹಾಕ್ಕೊಂಡಿದೆ ಅಂತ ಅವರಮ್ಮ ಫೋಟೋ ತೆಗೀತಿದ್ರು."

ಮಹಜರಪ್ಪನ ಪೆನ್ನು ನಿಂತಿತ್ತು.

"ಹತ್ತನೇ ಮನೆ?" ಎಂದರು ಇನ್ಸ್‌ಪೆಕ್ಟರ್.

"ನಿಮಗೆ ಗೊತ್ತಿದೆಯಲ್ಲ ಸಾರ್. ನೀವೇ ಬಂದಿದ್ರಿ. ನಾನು ಬೀದಿಲಿ ಜನರ ಮಧ್ಯೆ ನಿಂತಿದ್ದೆ."

"ಜ್ವರ ಅಂದಿದ್ರಿ," ಎಂದಳು ಪರದೆಯಕ್ಕ. ಧ್ವನಿ ಎದ್ದಿರಲಿಲ್ಲ. "ನೀವು ನಂಗೆ ಜ್ವರ ಅಂದಿದ್ರಿ."

ಅವನು ಹೆಂಡತಿಯ ಕಡೆ ನೋಡಲಿಲ್ಲ. ಇನ್ಸ್‌ಪೆಕ್ಟರರಿಗೇ ಹೇಳಿದ: "ಪರದೆ ಪೆಟ್ಟಿಗೇಲಿ ಒಂದು ಕ್ಲಿಪ್ ಬರುತ್ತೆ ಸಾರ್. ಗೋಡೆಗೆ ತೂತು ಕೊರೆದು ಹಾಕಿ ದಾರಾನ ಅದರಲ್ಲಿ ಬಿಗಿಬೇಕು. ಆಗ ಅದು ಜೋತಾಡಲ್ಲ, ತಲೆ ತೂರಲ್ಲ. ನಾವು ಯಾವ ಮನೇಲೂ ಹಾಕಿಲ್ಲ."

"ಈಗ ಹೋಗಿ ಹಾಕಬಹುದಿತ್ತಲ್ಲ. ಕತ್ತರಿಸೋದ್ಯಾಕೆ?"

"ಕೊರೆದ್ರೆ ಸದ್ದು, ಧೂಳು. ಮನೆಯವರು ಇವಳಿಗೆ ಫೋನ್ ಮಾಡ್ತಾರೆ. ಯಾಕೆ ಕೊರೆದ್ರಿ ಅಂತ ಇವಳು ಕೇಳ್ತಾಳೆ. ಏನು ಹೇಳ್ಲಿ? ಕತ್ತರಿಗೆ ಸದ್ದಿಲ್ಲ. ಐದು ಅಡಿ ಮೇಲಾದ್ರೆ ಮಗೂಗೆ ಎಟುಕಲ್ಲ. ಆಮೇಲೆ ಶಿಶುವಿಹಾರದ ಕೆಲಸ ಬಂತು. ನಲವತ್ತು ಕಿಟಕಿ. ನೂರಿಪ್ಪತ್ತು ಮಕ್ಕಳು. ಅದು ತಪ್ಪಿಹೋಗ್ಲಿ ಅಂತಾನೂ ಇತ್ತು."

"ಹೆಂಡತಿಗೆ ಹೇಳಿದ್ರೆ ಮುಗೀತಿತ್ತಲ್ಲಪ್ಪ."

ಉತ್ತರ ಕೊಟ್ಟವಳು ಆಕೆ.

"ಕ್ಲಿಪ್ ಬೇಡ ಅಂದಿದ್ದು ನಾನು," ಎಂದಳು. "ಹೊಸ ಗೋಡೆ, ಹೊಸ ಬಣ್ಣ, ತೂತು ಕಂಡ್ರೆ ಜನ ಮುಖ ಸಿಂಡರಿಸ್ತಾರೆ, ಹಾಗೇ ಬಿಟ್ಬಿಡಿ, ಲಕ್ಷಣವಾಗಿ ತೂಗುತ್ತೆ ಅಂತ. ಮಾಲೆ ಅಂತ ಹೆಸರಿಟ್ಟಿದ್ದೂ ನಾನೇ."

ಆಕೆ ಕೊರಳಿನಿಂದ ಅಳತೆ ಟೇಪನ್ನು ಸರಕ್ಕನೆ ಎಳೆದು ತೆಗೆದು, ಎಲ್ಲಿಡಬೇಕೆಂದು ತಿಳಿಯದೆ, ಕೈಯಲ್ಲೇ ಹಿಡಿದು ನಿಂತಳು.

"ಅವಳು ಮಾತಿಗೆ ಅಂದಿದ್ದು ಸಾರ್," ಎಂದ ಗಂಡ. "ಕೊರೆಯುವ ಯಂತ್ರ ಇದ್ದಿದ್ದು ನನ್ನ ಕೈಲಿ. ಅವಳ ಹೆಸರು ಬರೀಬೇಡಿ."

"ಬರ್ಕೊಳ್ಳಿ," ಎಂದಳು ಆಕೆ, ಮಹಜರಪ್ಪನಿಗೆ.

"ಬರೆದ್ರೆ ಮುಂದೇನಾಗುತ್ತೆ ಗೊತ್ತೇನಮ್ಮ?" ಎಂದರು ಇನ್ಸ್‌ಪೆಕ್ಟರ್. "ಆ ಹಳೇ ಕಡತ ತೆಗೀಬೇಕಾಗುತ್ತೆ. ನೀನು ದೂರು ಕೊಟ್ಟವಳಾಗಿ ಉಳಿಯಲ್ಲ."

"ಬಟ್ಟೆ ಆರಿಸೋ ದಿನ ಆ ಮಗೂಗೆ ನಾನೇ ಬಿಸ್ಕತ್ತು ಕೊಟ್ಟಿದ್ದೆ ಸಾರ್. ಬರ್ಕೊಳ್ಳಿ."

ಮಹಜರಪ್ಪ ಮೇಲಧಿಕಾರಿಯ ಮುಖ ನೋಡಿದರು. ಇನ್ಸ್‌ಪೆಕ್ಟರ್ ತಲೆಯಾಡಿಸಿದರು. ಹೇಳಿಕೆ ಮೂರು ಪುಟವಾಯಿತು. ಆಕೆ ಓದಿಸಿ ಕೇಳಿ, ಒಂದು ಕಡೆ 'ದಾರ' ಎಂದಿದ್ದನ್ನು ಹೊಡೆಸಿ 'ಕುಣಿಕೆ' ಎಂದು ಬರೆಸಿ, ಸಹಿ ಹಾಕಿದಳು. ನಂತರ ಠಾಣೆಯ ಫೋನಿನಿಂದಲೇ ಶಿಶುವಿಹಾರಕ್ಕೆ ಕರೆ ಮಾಡಿ, ನಲವತ್ತು ಕಿಟಕಿಯ ಕೆಲಸ ತನ್ನಿಂದ ಆಗುವುದಿಲ್ಲ, ಯಾರಿಗೆ ಕೊಟ್ಟರೂ ದಾರವಿಲ್ಲದ ಪರದೆಯನ್ನೇ ಹಾಕಿಸಿ ಎಂದಳು. ಅತ್ತಲಿನವರು ಕಾರಣ ಕೇಳಿದರು. ಆಕೆ ಕಾರಣವನ್ನೂ ಹೇಳಿದಳು.

ಹೆಂಡತಿಯ ಮಾತಿನಿಂದ ಒಂದು ಮಗು ಹೋಯಿತೆಂದು ಹೆಂಡತಿಗೆ ತಿಳಿಯಬಾರದು, ಇನ್ನೊಂದು ಮಗುವೂ ಹೋಗಬಾರದು: ಈ ಎರಡನ್ನೂ ಒಟ್ಟಿಗೆ ಸಾಧಿಸಲು ಅವನಿಗೆ ತೋಚಿದ ಉಪಾಯ ಒಂದು ಕತ್ತರಿ ಮತ್ತು ಒಂದು ಲೈಟರ್. ಕೇಸ್ ಡೈರಿಯಲ್ಲಿ ಇಷ್ಟನ್ನು ಬರೆಯಲು ಜಾಗವಿಲ್ಲ. ಇನ್ಸ್‌ಪೆಕ್ಟರ್ 'ಉದ್ದೇಶ' ಎಂಬ ಕಲಮಿನ ಎದುರು 'ಮಕ್ಕಳ ಸುರಕ್ಷತೆ' ಎಂದು ಬರೆದು, ತಾವು ಬರೆದದ್ದನ್ನು ತಾವೇ ಎರಡು ಸಲ ಓದಿದರು.

ಸಂಜೆ ೫:೪೦ಕ್ಕೆ ಆರೋಪಿ ಏಣಿಯಣ್ಣನನ್ನು ಬಂಧಿಸಲಾಯಿತು. ಎರಡು ವರ್ಷದ ಹಿಂದಿನ ಪ್ರಕರಣವನ್ನು ಮರುತನಿಖೆಗೆ ತೆಗೆದುಕೊಳ್ಳಲು ಮೇಲಧಿಕಾರಿಗಳಿಗೆ ಪತ್ರ ಹೋಯಿತು. ಅದರಲ್ಲಿ ಗಂಡ, ಹೆಂಡತಿ ಇಬ್ಬರ ಹೆಸರೂ ಇತ್ತು. ಪ್ರಕರಣವನ್ನು ಮುಕ್ತಾಯಗೊಳಿಸಿದ ಅಧಿಕಾರಿಯ ಹೆಸರೂ ಇತ್ತು.

ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಇಬ್ಬರು ಪೇದೆಗಳು ಉಳಿದ ಇಪ್ಪತ್ತೊಂದು ಮನೆಗಳಿಗೆ ಹೋಗಿ, ಮನೆಯವರಿಗೆ ತಿಳಿಸಿ, ದಾರಗಳನ್ನು ನೆಲದಿಂದ ಐದು ಅಡಿ ಎತ್ತರಕ್ಕೆ ಕತ್ತರಿಸಿ ಬಂದರು.