ಮೂರನೇ ತೊಟ್ಟಿಯ ವರದಿ

ಮೂರನೇ ತೊಟ್ಟಿಯ ವರದಿ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ.

ಎರಡನೆಯದರದು ಇತ್ತು. ನಾಲ್ಕನೆಯದರದೂ ಇತ್ತು: ಮಧ್ಯಾಹ್ನ ಒಂದು ಐವತ್ತೆಂಟು, ನೀರು ಸರಿಯಾಗಿದೆ. ನಡುವಿನದು ಮಾತ್ರ ಮಾಯ. ಆ ತೊಟ್ಟಿಯ ನೀರು ಸಂಜೆ ನಾಲ್ಕಕ್ಕೆ ಮನೆಗಳಿಗೆ ಹರಿದಿತ್ತು. ಮರುದಿನ ಬೆಳಗಾಗುವಷ್ಟರಲ್ಲಿ ನಲವತ್ತೊಂದು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದ್ದರು.

ನೀರು ಶುದ್ಧೀಕರಣ ಘಟಕದ ಮುಖ್ಯ ಎಂಜಿನಿಯರ್ ನನಗೆ ಫೋನ್ ಮಾಡಿದರು. ವರದಿಗಳನ್ನು ಬರೆದಿಡುವ ತಂತ್ರಾಂಶ ನಾನು ಮಾಡಿಕೊಟ್ಟದ್ದು. ಎಂಥ ಕಂಪ್ಯೂಟರಿನ ಬಾಯನ್ನಾದರೂ ಬಿಡಿಸುತ್ತಾನೆಂದು ಅಲ್ಲಿಯವರು ನನ್ನನ್ನು ಪತ್ತೇದಾರ ಎಂದೇ ಕರೆಯುತ್ತಿದ್ದರು. ನನಗೂ ಅದು ಹಿತವಾಗಿತ್ತು, ಸುಳ್ಳೇಕೆ?

ಪ್ರಯೋಗಾಲಯದಲ್ಲಿ ನೀರು ಪರೀಕ್ಷಿಸುವಾಕೆ ಐವತ್ತು ದಾಟಿದವರು. ಘಟಕದಲ್ಲಿ ಎಲ್ಲರಿಗೂ ಅಕ್ಕ. ನಡೆದದ್ದನ್ನು ನಿಧಾನವಾಗಿ ಹೇಳಿದರು. ಮೂರನೇ ತೊಟ್ಟಿಯ ನೀರಿಗೆ ಪುಡಿ ಹಾಕಿದಾಗ ಗುಲಾಬಿ ಬಣ್ಣ ಬರಬೇಕಿತ್ತು, ಬರಲಿಲ್ಲ. ಕ್ಲೋರಿನ್ ಇಲ್ಲವೆಂದು ಅರ್ಥ. ನಿಯಮದಂತೆ ಒಂದು ನಿಮಿಷ ವಿಡಿಯೊ ತೆಗೆದು, ಲಗತ್ತಿಸಿ, ಕೆಂಪು ವರದಿ ಹಾಕಿದರು. 'ಉಳಿಸಲಾಗಿದೆ' ಎಂದು ಪರದೆಯ ಮೇಲೆ ಬಂತು. ಆಮೇಲೆ ನಾಲ್ಕನೆಯದನ್ನು ಹಾಕಿದರು. ಕೆಂಪು ವರದಿ ಬಂದರೆ ಮಾತ್ರ ಕವಾಟದ ಕೋಣೆಯವರು ನೀರು ತಡೆಯುತ್ತಾರೆ. ಅವರಿಗೆ ಬಂದಿರಲಿಲ್ಲ.

"ನೀವೇ ಅಳಿಸಿದ್ರಾ?" ಎಂದೆ.

ಅಕ್ಕ ನನ್ನ ಮುಖ ನೋಡಿದರು. "ನಮ್ಮನೆಗೂ ಅದೇ ನೀರಪ್ಪ ಬರೋದು. ನಮ್ಮಮ್ಮನೇ ಆಸ್ಪತ್ರೇಲಿ ಮಲಗಿದ್ದಾರೆ."

ಕಳ್ಳರೆಲ್ಲ ಹೀಗೇ ಅಲ್ಲವೇ ಹೇಳುವುದು ಎಂದುಕೊಂಡೆ. ಹಾಗೆ ಅಂದುಕೊಂಡದ್ದನ್ನು ಇಲ್ಲಿ ಬರೆಯಲು ಈಗ ಕೈ ಬರುತ್ತಿಲ್ಲ, ಆದರೂ ಬರೆಯುತ್ತಿದ್ದೇನೆ.

*

ಎರಡು ದಿನ ಹುಡುಕಿದೆ. ಡಿಸ್ಕ್ ಹಳೆಯದು, ನಿಧಾನ, ಆದರೆ ಕೆಟ್ಟಿರಲಿಲ್ಲ. ಹೊರಗಿನಿಂದ ಯಾರೂ ನುಗ್ಗಿರಲಿಲ್ಲ. ಕವಾಟದ ಕೋಣೆಯವನ ಮೇಲೆ ಅನುಮಾನ ಬಂತು. ಅವನ ಕಂಪ್ಯೂಟರಿನಲ್ಲಿ ವರದಿ ಓದಬಹುದೇ ಹೊರತು ಮುಟ್ಟಲಾಗದು. ಅವನನ್ನು ಬಿಟ್ಟೆ.

ಉಳಿದದ್ದು ಅಕ್ಕ. ನನ್ನ ತರ್ಕ ಸರಳವಾಗಿತ್ತು. ಮೊದಲು ಬರೆದದ್ದು ಇಲ್ಲ, ಆಮೇಲೆ ಬರೆದದ್ದು ಇದೆ. ಯಂತ್ರ ಕೈಕೊಟ್ಟಿದ್ದರೆ ಕೊನೆಯದು ಹೋಗಬೇಕಿತ್ತು, ನಡುವಿನದಲ್ಲ. ಆದ್ದರಿಂದ ನಡುವಿನದನ್ನು ಯಾರೋ ಅಳಿಸಿದ್ದಾರೆ, ಅಥವಾ ಅದನ್ನು ಬರೆದೇ ಇಲ್ಲ. ಎರಡು ಪುಟದ ವರದಿಯಲ್ಲಿ ಇಷ್ಟನ್ನೂ ಬರೆದು ಸಹಿ ಹಾಕಿದೆ.

ಅಂದೇ ಅಕ್ಕನನ್ನು ಅಮಾನತು ಮಾಡಿದರು. ಇಪ್ಪತ್ತಾರು ವರ್ಷದ ಕೆಲಸ. ವಿಚಾರಣೆ ಮುಗಿದ ಮೇಲೆ ಪೊಲೀಸರಿಗೆ ಒಪ್ಪಿಸುವ ಮಾತೂ ಎದ್ದಿತು. ಅವರ ಬೀದಿಯಲ್ಲಿ ಒಂಬತ್ತು ಮನೆಯವರು ಕಾಯಿಲೆ ಬಿದ್ದಿದ್ದರು. ಒಬ್ಬರೂ ಅವರ ಜೊತೆ ಮಾತಾಡುತ್ತಿಲ್ಲವೆಂದು ಕೇಳಿದೆ. 

*

ಮರುದಿನ ಅಳಿಸುವ ಗುಂಡಿಗೆ ಬೀಗ ಹಾಕಲು ಪ್ರಯೋಗಾಲಯದಲ್ಲಿ ಕುಳಿತಿದ್ದೆ. ಎರಡು ಗಂಟೆಗೆ ನೆಲ ಒರೆಸುವಾಕೆ ತನ್ನ ಯಂತ್ರ ಎಳೆದುಕೊಂಡು ಬಂದಳು. ಪರದೆಯನ್ನೊಮ್ಮೆ ಇಣುಕಿದಳು; ನನ್ನ ಕೆಲಸ 'ಉಳಿಸಲಾಗಿದೆ' ಎಂದಿತ್ತು. ಬಗ್ಗಿ, ಗೋಡೆಯಿಂದ ಕಂಪ್ಯೂಟರಿನ ಪ್ಲಗ್ ಕಿತ್ತು ತನ್ನ ಯಂತ್ರದ್ದು ಸಿಕ್ಕಿಸಿದಳು. ನನ್ನ ಪರದೆ ಕಪ್ಪಾಯಿತು.

"ದಿನಾ ಹೀಗೇನಾ?" ಎಂದು ಕೇಳಿದೆ.

"ಇರೋದೊಂದೇ ಪ್ಲಗ್ ಅಲ್ವಾ ಸಾರ್. ಅಕ್ಕ ಹೇಳಿಕೊಟ್ಟಿದ್ದಾರೆ, 'ಉಳಿಸಲಾಗಿದೆ' ಅಂತ ಬಂದ ಮೇಲೇ ತೆಗಿ ಅಂತ. ನೋಡೇ ತೆಗೀತೀನಿ. ಅವತ್ತೂ ನಾಲ್ಕನೇದಕ್ಕೆ ಬಂತು, ನೋಡಿ ತೆಗೆದೆ."



ಆಕೆ ಹೋದ ಮೇಲೆ ಬಾಗಿಲು ಹಾಕಿಕೊಂಡೆ. ಅಕ್ಕ ಮಾಡಿದಂತೆಯೇ ಮಾಡಿದೆ. ಸುಳ್ಳು ಕೆಂಪು ವರದಿ, ಒಂದು ನಿಮಿಷದ ವಿಡಿಯೊ. ಉಳಿಸಲಾಗಿದೆ. ಅದರ ಹಿಂದೆ ಎರಡು ಸಾಲಿನ ವರದಿ. ಉಳಿಸಲಾಗಿದೆ. ಪ್ಲಗ್ ಕಿತ್ತೆ. ಮತ್ತೆ ಹಾಕಿದೆ.

ಎರಡನೆಯದು ಇತ್ತು. ಮೊದಲನೆಯದು ಇರಲಿಲ್ಲ.

ನಾನು ಬರೆದ ಪ್ರೋಗ್ರಾಮನ್ನು ತೆರೆದೆ. ಉಳಿಸುವ ಭಾಗದಲ್ಲಿ ಎರಡು ವರ್ಷದ ಹಿಂದೆ ನಾನೇ ನನಗೆ ಬರೆದುಕೊಂಡ ಒಂದು ಸಾಲಿತ್ತು: 'ಡಿಸ್ಕಿಗೆ ತಲುಪಿತೇ ಎಂದು ನೋಡಿಕೊಳ್ಳುವುದು ಬಾಕಿ. ಆಮೇಲೆ ಮಾಡೋಣ.'

ಮಾಡಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ಕೋಣೆಯಲ್ಲಿ ಯಾರೂ ಇರದಿದ್ದರೂ ತಲೆ ಎತ್ತಲಾಗಲಿಲ್ಲ.

ಇನ್ನೂ ನಾಚಿಕೆಗೇಡಿನದೊಂದಿದೆ. ಪೂರ್ತಿ ಹತ್ತು ನಿಮಿಷ ನಾನು ಯೋಚಿಸಿದ್ದು ಬೇರೆಯೇ. ಪ್ಲಗ್ ಕಿತ್ತವಳು ನೆಲ ಒರೆಸುವಾಕೆ. ಅವಳ ಮೇಲೆ ಹಾಕಿದರೆ ಅಕ್ಕನೂ ಉಳಿಯುತ್ತಾರೆ, ನಾನೂ ಉಳಿಯುತ್ತೇನೆ. ಕಾಗದದ ಮೇಲೆ ಮೊದಲ ವಾಕ್ಯವನ್ನೂ ಬರೆದಿದ್ದೆ. ಪರದೆ ಹೇಳಿದ್ದನ್ನು ನಂಬಿದ ಇಬ್ಬರು ಹೆಂಗಸರಲ್ಲಿ ಯಾರನ್ನು ಬಲಿ ಕೊಡಲಿ ಎಂದು ಲೆಕ್ಕ ಹಾಕುತ್ತಿದ್ದೇನೆಂದು ಹೊಳೆದಾಗ ಆ ಕಾಗದ ಹರಿದೆ.

*

ವಿಚಾರಣೆಯ ದಿನ ಮುಖ್ಯ ಎಂಜಿನಿಯರ್ ಕೋಣೆಯಲ್ಲಿ ಅಕ್ಕ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು. ನಾನು ಎದ್ದು ನಿಂತೆ.

"ವರದಿ ಅಳಿಸಿದವನು ನಾನು," ಎಂದೆ.

ಬಿಡಿಸಿ ಹೇಳಿದೆ. ಎರಡು ವರ್ಷದ ಹಿಂದೆ, ವಿಡಿಯೊ ಬರೆದು ಮುಗಿಯುವವರೆಗೆ ಪರದೆ ಅಲುಗಾಡುವುದಿಲ್ಲವೆಂದು ದೂರು ಬಂದಿತ್ತು. ಬರೆಯುವ ಕೆಲಸವನ್ನು ಹಿನ್ನೆಲೆಗೆ ತಳ್ಳಿದೆ. ಅದರಲ್ಲಿ ತಪ್ಪಿಲ್ಲ, ಎಲ್ಲರೂ ಮಾಡುತ್ತಾರೆ. ಆದರೆ ಬರೆದಾಯಿತೆಂದು ಡಿಸ್ಕ್ ಹೇಳುವುದನ್ನು ಕಾಯದೆ 'ಉಳಿಸಲಾಗಿದೆ' ಎಂದು ತೋರಿಸಿದೆ. ಪತ್ರವನ್ನು ಆಳಿನ ಕೈಗಿತ್ತ ಕೂಡಲೇ ತಲುಪಿತು ಎಂದ ಹಾಗೆ. ಹಿನ್ನೆಲೆಯಲ್ಲಿ ಬರೆಯುವಾಗ ಸರದಿ ಅಂತೇನೂ ಇರುವುದಿಲ್ಲ. ಹಗುರವಾದದ್ದು ಹಿಂದೆ ಹೊರಟರೂ ಮುಂದೆ ಮುಗಿಯುತ್ತದೆ. ಕೆಟ್ಟ ನೀರಿನ ವರದಿಗೆ ಮಾತ್ರ ವಿಡಿಯೊ ಕಡ್ಡಾಯ. ಆ ಹಳೆಯ ಡಿಸ್ಕಿನಲ್ಲಿ ಅದನ್ನು ಬರೆಯಲು ಐದಾರು ನಿಮಿಷ ಬೇಕು. ಹಾಗಾಗಿ ದಾರಿಯಲ್ಲಿ ಸಿಕ್ಕಿಬೀಳುವುದು ಯಾವಾಗಲೂ ಕೆಟ್ಟ ಸುದ್ದಿಯೇ.

"ಅರ್ಧ ಬರೆದದ್ದಾದ್ರೂ ಸಿಗಬೇಕಿತ್ತಲ್ಲ?" ಎಂದರು ಎಂಜಿನಿಯರ್.

"ಕಂಪ್ಯೂಟರ್ ಮತ್ತೆ ಶುರುವಾದಾಗ ಅರೆಬರೆ ಕಡತಗಳನ್ನ ಗುಡಿಸಿ ಹಾಕೋ ಹಾಗೆ ಮಾಡಿದ್ದೂ ನಾನೇ. ನೆಲ ಒರೆಸುವವರದು ತಪ್ಪಿಲ್ಲ. ಅಕ್ಕನದೂ ಇಲ್ಲ."

ಅವರು ಕನ್ನಡಕ ತೆಗೆದು ಒರೆಸಿದರು. ತಾಂತ್ರಿಕ ದೋಷ ಎಂದು ಬರೆದು ಮುಗಿಸೋಣವೆಂದು ಮೆಲ್ಲಗೆ ಹೇಳಿದರು. ಬೇಡ, ದೋಷ ಮಾಡಿದವನ ಹೆಸರೂ ಇರಲಿ ಎಂದೆ. ಬರೆದುಕೊಂಡರು.

ಅಕ್ಕ ಮೊದಲ ಸಲ ಬಾಯಿ ತೆರೆದರು. "ಮುಂಚೆ ನಾನು ಕವಾಟದ ಕೋಣೆಗೆ ಫೋನ್ ಮಾಡ್ತಿದ್ದೆ. 'ಉಳಿಸಲಾಗಿದೆ' ಅಂತ ಬಂದ್ರೆ ಸಾಕು, ಫೋನ್ ಬೇಡ ಅಂತ ತರಬೇತೀಲಿ ಹೇಳಿದ್ದು ಯಾರು?"

"ನಾನೇ."

"ಅವತ್ತು ಮಾಡಿದ್ದಿದ್ರೆ?"

"ಯಾರಿಗೂ ಏನೂ ಆಗ್ತಿರಲಿಲ್ಲ."

ಕ್ಷಮಿಸಿ ಎಂದೆ. ಆ ಮಾತು ನನ್ನ ಕಿವಿಗೇ ಪೊಳ್ಳಾಗಿ ಕೇಳಿಸಿತು. ಅಕ್ಕ ಎದ್ದು ಸೆರಗು ಸರಿಮಾಡಿಕೊಂಡರು. "ನನ್ನ ಹತ್ರ ಹೇಳಿ ಏನು ಬಂತು? ನಾನು ಮಾಡಿಲ್ಲ ಅನ್ನೋದು ನನಗೆ ಮೊದಲೇ ಗೊತ್ತಿತ್ತು. ಬನ್ನಿ ನಮ್ಮ ಬೀದಿಗೆ."

*

ಬೀದಿ ಉದ್ದಕ್ಕೂ ನಡೆದೆವು. ಅವರು ಮುಂದೆ, ನಾನು ಹಿಂದೆ. ಮೊದಲ ಮನೆಯ ಕದ ತಟ್ಟಿದರು. ಕದ ತೆರೆದ ಹೆಂಗಸು ಅಕ್ಕನನ್ನು ಕಂಡಕೂಡಲೇ ಮುಖ ಗಂಟಿಕ್ಕಿ ಮುಚ್ಚಲು ಹೋದಳು. ಒಳಗೆ ಯಾರೋ ನರಳುವುದು ಕೇಳಿಸುತ್ತಿತ್ತು. ಅಕ್ಕ ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟರು.

"ಅಮ್ಮಾ, ಮುಚ್ಚಬೇಡಿ," ಎಂದೆ. "ಇವರು ಅವತ್ತೇ ನೀರು ಕೆಟ್ಟಿದೆ ಅಂತ ಬರೆದಿದ್ರು. ಅದನ್ನ ಕಳೆದವನು ನಾನು. ಕಳೆದು, ಇವರೇ ಅಳಿಸಿದ್ದು ಅಂತ ಸಹಿ ಹಾಕಿದವನೂ ನಾನೇ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಅಕ್ಕನ ಕೈ ಹಿಡಿದು ಒಳಗೆ ಕರೆದುಕೊಂಡು ಕದ ಹಾಕಿದಳು. ನಾನು ಹೊರಗೇ ನಿಂತೆ. ಇನ್ನೂ ಎಂಟು ಮನೆಗಳಿದ್ದವು.