ಹದಿನೆಂಟು ಡಿಗ್ರಿಯ ಕೋಣೆ

ಇದನ್ನು ನನ್ನ ಗಂಡನಿಗೂ ಪೂರ್ತಿ ಹೇಳಿಲ್ಲ.

ಅಂದು ಮಗಳಿಗೆ ಜ್ವರವೆಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಆಫೀಸಿನ ಹಳೆಯ ಮೇನ್‌ಫ್ರೇಮ್ ಕಂಪ್ಯೂಟರಿನ ಡಿಸ್ಕುಗಳನ್ನೆಲ್ಲ ತೆಗೆದಿದ್ದರು. ನೆಟ್‌ವರ್ಕ್ ಮೂಲಕ ಅದನ್ನು ನಡೆಸುವ ಲಿನಕ್ಸ್ ತಂತ್ರಾಂಶ ಕಳಿಸಿ ಬೂಟ್ ಮಾಡಿ, ಅಂದರೆ ಚಾಲೂ ಮಾಡಿ, ಪರೀಕ್ಷಿಸಿ, ಮಧ್ಯಾಹ್ನ ಆಫ್ ಮಾಡುವುದಷ್ಟೇ ನನ್ನ ಕೆಲಸ. ಬೂಟ್ ಆದೊಡನೆ ಯಂತ್ರವಿರುವ ಕೋಣೆಯ ತಾಪಮಾನ ನನ್ನ ಪರದೆಯ ಮೇಲೆ ಮೂಡಿತು: 39.4 ಡಿಗ್ರಿ ಸೆಲ್ಸಿಯಸ್. ಮಗಳ ಕಂಕುಳಿಂದ ಆಗಷ್ಟೇ ತೆಗೆದ ಥರ್ಮಾಮೀಟರಿನಲ್ಲೂ ಅಷ್ಟೇ ಇತ್ತು.

ಆಫೀಸಿನ ಕಾವಲುಗಾರನಿಗೆ ಫೋನ್ ಮಾಡಿದೆ. "ಎಲ್ಲಿಯ ಸೆಕೆ ಅಕ್ಕಾ, ಗೋಡೆ ಮೀಟರು ಹದಿನೆಂಟು ತೋರಿಸ್ತಿದೆ. ಸ್ವೆಟರ್ ಹಾಕ್ಕೊಂಡು ಕೂತಿದೀನಿ," ಎಂದು ನಕ್ಕ.

ಮಗಳ ಹಣೆಗೆ ಒದ್ದೆ ಬಟ್ಟೆ ಹಾಕಿದೆ. ಅವಳ ಜ್ವರ 38.6ಕ್ಕೆ ಇಳಿಯಿತು. ಪರದೆಯ ಅಂಕಿಯೂ ಇಳಿಯಿತು.

ಎಲ್ಲೋ ಎಡವಟ್ಟಾಗಿದೆ ಎಂದುಕೊಂಡು, ಒಂದು ಕೈಯಲ್ಲಿ ಅವಳ ಕೈ ಹಿಡಿದೇ ಯಂತ್ರ ಆಫ್ ಮಾಡಿ ಮತ್ತೆ ಬೂಟ್ ಮಾಡಿದೆ. ಲಿನಕ್ಸ್ ಲೋಡ್ ಆಗಲು ಹಿಡಿದ ಮೂರು ನಿಮಿಷವೂ ಮಗಳು ಕಣ್ಣು ತೆರೆದೇ ಮಲಗಿದ್ದಳು. ಎಷ್ಟು ಕರೆದರೂ ಓಗೊಡಲಿಲ್ಲ. ಅವಳ ಕೈ ತಣ್ಣಗೆ ಕೊರೆಯುತ್ತಿತ್ತು. ಪರದೆಯಲ್ಲಿ ಮೊದಲ ಸಾಲು ಮೂಡುತ್ತಲೇ, "ಅಮ್ಮಾ, ಇಷ್ಟೊತ್ತು ಎಲ್ಲಿಗೆ ಹೋಗಿದ್ದೆ?" ಎಂದಳು.

ಇದಾಗಿ ನಾಲ್ಕು ವರ್ಷ. ಇಲ್ಲದ ನೆಪಗಳನ್ನೆಲ್ಲ ಹೇಳಿ, ಆ ಯಂತ್ರವನ್ನು ಆಫ್ ಮಾಡಲು ಯಾರಿಗೂ ಬಿಟ್ಟಿಲ್ಲ. ಇಂದು ಬೆಳಿಗ್ಗೆ ಮಗಳಿಗೆ ಜಡೆ ಹಾಕುತ್ತಾ ಪರದೆಯ ಅಂಕಿ ನೋಡಿದೆ: 36.8.

ನಿನ್ನೆ ಆಫೀಸಿನಿಂದ ಪತ್ರ ಬಂದಿದೆ. ಸೋಮವಾರ ಹತ್ತು ಗಂಟೆಗೆ ಆ ಯಂತ್ರದ ಪ್ಲಗ್ ಕಿತ್ತು ಗುಜರಿಗೆ ಹಾಕುತ್ತಾರಂತೆ.